ನೀರು ಬಿಟ್ಟರೂ ಬದುಕುವ ಮೀನು

ಪ್ರಶ್ನೆ: ಕಾಂದಿವಲಿಯ ಚಾರ್ಕೋಪ್ ಕಾಂಡ್ಲಾ ಕಾಡಿನ ಕೆಸರಿನಲ್ಲಿ ಇಳಿತದ ಹೊತ್ತು ಪುಟ್ಟ ಮೀನುಗಳು ಕುಪ್ಪಳಿಸುತ್ತವೆ. ನೀರಿಲ್ಲದೆ ಅವು ಸಾಯುವುದಿಲ್ಲವೇ?

ಉತ್ತರ: ಅವು ಮಡ್‌ಸ್ಕಿಪ್ಪರ್‌ಗಳು, ಮುಂಬಯಿ ಮೀನು ಮಾರುಕಟ್ಟೆಯಲ್ಲಿ ‘ನಿವಟಿ’. ದಡಕ್ಕೆ ಬರುವಾಗ ಕಿವಿರಿನ ಗೂಡಿನಲ್ಲಿ ಒಂದಿಷ್ಟು ನೀರು ಹಿಡಿದಿಟ್ಟುಕೊಳ್ಳುತ್ತವೆ. ಒದ್ದೆ ಚರ್ಮ, ಬಾಯಿಯ ಒಳಪದರ ಕೂಡ ಗಾಳಿಯ ಆಮ್ಲಜನಕ ಹೀರುತ್ತವೆ. ಅದಕ್ಕೇ ಆಗಾಗ ಕೆಸರಲ್ಲಿ ಹೊರಳಿ ಮೈ ತೇವ ಮಾಡಿಕೊಳ್ಳುತ್ತವೆ.

ಇನ್ನೊಂದು ತೊಡಕು ಅಮೋನಿಯದ್ದು. ದೇಹದಲ್ಲಿ ಪ್ರೋಟೀನ್ ಒಡೆದಾಗ ಹುಟ್ಟುವ ಈ ವಿಷವನ್ನು ಸಾಮಾನ್ಯ ಮೀನುಗಳು ಸುತ್ತಲಿನ ನೀರಿಗೆ ಬಿಡುತ್ತವೆ. ನೆಲದ ಮೇಲೆ ಆ ಅನುಕೂಲವಿಲ್ಲ. ಕೆಲವು ಮಡ್‌ಸ್ಕಿಪ್ಪರ್‌ಗಳ ಕಿವಿರು ಶಕ್ತಿ ಖರ್ಚುಮಾಡಿ ಅದನ್ನು ಹೊರದಬ್ಬುತ್ತದೆ. 2014ರಲ್ಲಿ ನಾಲ್ಕು ಪ್ರಭೇದಗಳ ಜೀನೋಮ್ ಬಿಡಿಸಿ ನೋಡಿದ ವಿಜ್ಞಾನಿಗಳಿಗೆ ಅಮೋನಿಯ ವಿಸರ್ಜನೆ, ರೋಗನಿರೋಧ, ದೃಷ್ಟಿಯ ಜೀನ್‌ಗಳಲ್ಲಿ ನೆಲದ ಬದುಕಿಗೆ ಒಗ್ಗುವ ಮಾರ್ಪಾಡುಗಳು ಕಂಡವು. ಮೈ ಪೂರ್ತಿ ಒಣಗಿದರೆ ಮಾತ್ರ ಇವೂ ಬದುಕಲಾರವು.