ಪಕ್ಕಕ್ಕೆ ಜಾರುವ ಕಾರು

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಾರಿನ ವಿಷಯವೇಕೆಂದು ಕೆಲವರು ಹುಬ್ಬೇರಿಸಬಹುದು. ಆದರೆ ನಮ್ಮ ವಿದ್ಯಾರ್ಥಿಮಿತ್ರರ ಮಾತುಕತೆಯಲ್ಲಿ ಈಚೆಗೆ 'ಡ್ರಿಫ್ಟಿಂಗ್' ಎಂಬ ಶಬ್ದ ಎಷ್ಟು ಸಲ ಬರುತ್ತದೆಂಬುದನ್ನು ಬಲ್ಲವರು ಹಾಗೆ ಕೇಳಲಾರರು. ತಿರುವಿನಲ್ಲಿ ಕಾರಿನ ಹಿಂದಿನ ಗಾಲಿಗಳನ್ನು ಬೇಕೆಂದೇ ಜಾರಿಸಿ, ಮೂತಿ ಒಂದು ದಿಕ್ಕಿಗೆ, ಓಟ ಇನ್ನೊಂದು ದಿಕ್ಕಿಗೆ ಇದ್ದರೂ ಹತೋಟಿ ತಪ್ಪದಂತೆ ನಡೆಸುವುದೇ ಡ್ರಿಫ್ಟಿಂಗ್. ನನ್ನ ಸಹಪಾಠಿಯೊಬ್ಬನು ಬರುವ ಬೇಸಿಗೆಯಲ್ಲಿ ಇದಕ್ಕಾಗಿಯೇ ಹಳೆಯ ಕಾರೊಂದನ್ನು ಕೊಳ್ಳಬೇಕೆಂದಿದ್ದಾನೆ. ಅವನು ಸಿರುಗುಪ್ಪದ ಕಡೆಯ ರೈತನ ಮಗ. ಅವನ ಕೈಗೆ ಬರುವುದು ಒಂದು ಬೆಳೆ ಭತ್ತದ ದುಡ್ಡು. ಆ ದುಡ್ಡು ಗುಜರಿಯ ಪಾಲಾಗಬಾರದು, ಅವನು ಆಸ್ಪತ್ರೆಯ ಪಾಲಾಗಬಾರದು. ಸೋದರಮಾವನ ಗ್ಯಾರೇಜಿನಲ್ಲಿ ಹಲವು ರಜೆಗಳನ್ನು ಕಳೆದ ನನಗೆ ತಿಳಿದಷ್ಟನ್ನು ಅವನ ನೆಪದಲ್ಲಿ ಎಲ್ಲರ ಮುಂದಿಡುತ್ತೇನೆ.

ಮೊದಲು ಜಾರುವಿಕೆಯ ಗುಟ್ಟನ್ನು ತಿಳಿಯೋಣ. ನೆಲದ ಮೇಲೆ ಗಾಲಿಗಿರುವ ಹಿಡಿತವನ್ನು ಒಂದು ರೂಪಾಯಿ ಎಂದಿಟ್ಟುಕೊಳ್ಳಿ. ತಿರುಗುವುದಕ್ಕೆ ಅದರಲ್ಲೊಂದು ಪಾಲು ಖರ್ಚಾಗುತ್ತದೆ. ಮುಂದಕ್ಕೆ ನೂಕುವುದಕ್ಕೋ ಬ್ರೇಕಿಗೋ ಇನ್ನೊಂದು ಪಾಲು ಬೇಕು. ಖರ್ಚು ರೂಪಾಯಿಯನ್ನು ಮೀರಿದ ಗಳಿಗೆಯಲ್ಲಿ ಗಾಲಿ ಜಾರುತ್ತದೆ. ಎಂಜಿನ್ನಿನ ಬಲ ಹಿಂದಿನ ಗಾಲಿಗಳಿಗೆ ಹೋಗುವ ಕಾರಿನಲ್ಲಿ ಚಾಲಕನು ಆಕ್ಸಲರೇಟರಿನಿಂದಲೇ ಹಿಂಗಾಲಿಗಳ ರೂಪಾಯಿಯನ್ನು ಮುಗಿಸಬಲ್ಲನು. ಮುಂಗಾಲಿಗಳ ರೂಪಾಯಿ ಉಳಿದಿರುವುದರಿಂದ ದಿಕ್ಕನ್ನೂ ಹಿಡಿದಿಡಬಲ್ಲನು. ಹಿಂಭಾಗ ಎಡಕ್ಕೆ ಜಾರಿದರೆ ಸ್ಟಿಯರಿಂಗನ್ನೂ ಎಡಕ್ಕೇ ತಿರುಗಿಸಬೇಕು, ಬಲಕ್ಕೆ ಜಾರಿದರೆ ಬಲಕ್ಕೆ. ಇಡೀ ವಿದ್ಯೆಯ ಮೂಲಪಾಠ ಇದೇ.

ನಮ್ಮ ಹಳ್ಳಿಯ ಹುಡುಗರಿಗೆ ಇದು ಪೂರಾ ಹೊಸದೇನಲ್ಲ. ಮಳೆ ಬಿದ್ದ ಎರೆಭೂಮಿಯಲ್ಲಿ ಟ್ರ್ಯಾಕ್ಟರಿನ ಹಿಂಭಾಗ ಓರೆಯಾಗಿ ಸರಿಯುವುದನ್ನು ಅವರು ಬಲ್ಲರು. ಟ್ರ್ಯಾಕ್ಟರಿನಲ್ಲಿ ಎಡ ಬಲ ಹಿಂಗಾಲಿಗಳಿಗೆ ಬೇರೆ ಬೇರೆ ಬ್ರೇಕುಗಳಿವೆ. ಹೊಲದ ಅಂಚಿನಲ್ಲಿ ಒಂದನ್ನೇ ಒತ್ತಿ ಗಕ್ಕನೆ ಹೊರಳಿಸುತ್ತಾರೆ. ಡ್ರಿಫ್ಟಿಂಗ್ ಕಲಿಯುವವನು ಇದೇ ರೀತಿ ಹ್ಯಾಂಡ್‌ಬ್ರೇಕಿನಿಂದ ಎರಡು ಹಿಂಗಾಲಿಗಳನ್ನೂ ಒಂದು ಕ್ಷಣ ಕಟ್ಟಿ ಜಾರುವಿಕೆಯನ್ನು ಆರಂಭಿಸುತ್ತಾನೆ.

ಇನ್ನು ಆಯ್ಕೆ. ದೊಡ್ಡ ಎಂಜಿನ್ ಇದ್ದರೆ ಕಲಿಕೆ ಸುಲಭವೆಂದು ಬಹುಮಂದಿಯ ನಂಬಿಕೆ. ಈ ಕಲೆ ಬೆಳೆದ ಜಪಾನಿನ ಉದಾಹರಣೆ ಬೇರೆಯದನ್ನೇ ಹೇಳುತ್ತದೆ. 1970ರ ದಶಕದಲ್ಲಿ ಕುನಿಮಿತ್ಸು ತಕಹಾಶಿ ಎಂಬ ಪಂದ್ಯಗಾರನು ತಿರುವುಗಳಲ್ಲಿ ಕಾರನ್ನು ಜಾರಿಸಿ ಹೆಸರಾದನು. ಅವನಿಂದ ಸ್ಫೂರ್ತಿ ಪಡೆದ ಕೇಯಿಚಿ ತ್ಸುಚಿಯಾನ ಹೆಸರಿನೊಡನೆ ಬೆಸೆದುಕೊಂಡ ಕಾರು ಟೊಯೋಟಾ ಕಂಪನಿಯ ಎ.ಇ. 86; 1983ರಿಂದ 1987ರವರೆಗೆ ತಯಾರಾದ, 1.6 ಲೀಟರಿನ ಹಗುರವಾದ ಹಿಂಗಾಲಿ ಚಾಲನೆಯ ಕಾರು. ಬಲ ಕಡಿಮೆಯಾದುದರಿಂದ ತೂಕವನ್ನು ಮುಂದಕ್ಕೂ ಹಿಂದಕ್ಕೂ ಸರಿಸುವ ಲೆಕ್ಕವನ್ನು ಚಾಲಕನು ಕಲಿಯಲೇಬೇಕು. ಬಲ ಹೆಚ್ಚಿರುವ ಕಾರಿನಲ್ಲಿ ಜಾರುವುದು ಸುಲಭ. ಆದರೆ ಎಲ್ಲವೂ ವೇಗವಾಗಿ ನಡೆದುಹೋಗುವುದರಿಂದ ತಿದ್ದಿಕೊಳ್ಳಲು ಸಮಯ ಸಿಗದು.

ನಮ್ಮ ದೇಶದಲ್ಲಿ ಇಂಥ ತಗ್ಗಾದ, ಹಿಂಗಾಲಿ ಚಾಲನೆಯ, ಅಗ್ಗದ ಕಾರುಗಳು ವಿರಳ. ಮಾರುತಿ 800 ಮುಂಗಾಲಿ ಚಾಲನೆಯದು. ಹ್ಯಾಂಡ್‌ಬ್ರೇಕ್ ಎಳೆದರೆ ಒಮ್ಮೆ ಜಾರೀತು, ಆದರೆ ಜಾರುವಿಕೆಯನ್ನು ಎಂಜಿನ್ ಮುಂದುವರಿಸಲಾರದು. 1984ರಿಂದ 2019ರವರೆಗೆ ತಯಾರಾದ ಓಮ್ನಿ ಹಿಂಗಾಲಿ ಚಾಲನೆಯದೇ. ಬೇಕಾದಷ್ಟು ಸಿಗುತ್ತದೆಂದು ನಮ್ಮವರ ಕಣ್ಣು ಮೊದಲು ಅದರ ಮೇಲೆ ಬೀಳುತ್ತದೆ. ಆದರೆ ಅದರ ಮೈ ಎತ್ತರ, ಅಗಲ ಕಿರಿದು. ಜಾರುತ್ತಿರುವಾಗ ಗಾಲಿ ಎಲ್ಲಿಯಾದರೂ ತಡೆದರೆ ಮಗುಚಿಕೊಳ್ಳುವ ಭಯ. ಚಾಲಕನ ಕಾಲುಗಳ ಮುಂದೆ ತಗಡಲ್ಲದೆ ಹೆಚ್ಚೇನೂ ಇಲ್ಲ. ಅದನ್ನು ನಾನು ಯಾರಿಗೂ ಹೇಳಲಾರೆ. ಜೀಪು, ಜಿಪ್ಸಿಗಳಿಗೂ ಎತ್ತರದ ದೋಷವುಂಟು. ಹಳೆಯ ಬಿ.ಎಂ.ಡಬ್ಲ್ಯೂ. ಕೆಲವೊಮ್ಮೆ ಆಸೆ ಹುಟ್ಟಿಸುವ ಬೆಲೆಗೆ ಬರುತ್ತದೆ. ಆದರೆ ಅದರ ಒಂದೆರಡು ರಿಪೇರಿಗಳೇ ಕೊಂಡ ಬೆಲೆಯನ್ನು ನುಂಗಬಲ್ಲವು.

ಹೀಗೆ ಸೋಸಿದಾಗ ಉಳಿಯುವವು ಮೂರು: ಪ್ರೀಮಿಯರ್ ಪದ್ಮಿನಿ, 2014ರವರೆಗೆ ತಯಾರಾದ ಅಂಬಾಸಿಡರ್, ಮತ್ತು 1984ರಿಂದ 2002ರವರೆಗೆ ಬಂದ ಕಾಂಟೆಸಾ. ಪದ್ಮಿನಿಯ ಮುಂದಿನ ಹಿಂದಿನ ಗಾಲಿಗಳ ಅಂತರ ಸುಮಾರು 2.34 ಮೀಟರು, ಕಾಂಟೆಸಾದ್ದು ಸುಮಾರು 2.67. ಅಂತರ ಹೆಚ್ಚಿದಷ್ಟೂ ಕಾರು ನಿಧಾನವಾಗಿ ಹೊರಳುತ್ತದೆ, ಹೊಸಬನಿಗೆ ತಿದ್ದಿಕೊಳ್ಳಲು ಅವಕಾಶ ಕೊಡುತ್ತದೆ. ಆದುದರಿಂದ ಗಟ್ಟಿಯಾದ ಕಾಂಟೆಸಾ ಸಿಕ್ಕರೆ ಅದೇ ಮೇಲು. ಸಿಗದಿದ್ದರೆ, ಕೆಲಸ ಬಲ್ಲ ಮೇಸ್ತ್ರಿಗಳು ಇನ್ನೂ ಇರುವ ಅಂಬಾಸಿಡರ್. ಯಾವುದೇ ಇರಲಿ, ಹೊಳೆಯುವ ಬಣ್ಣವನ್ನು ನೋಡದೆ ಕೆಳಗೆ ಮಲಗಿ ತುಕ್ಕನ್ನು ನೋಡಬೇಕು. ಎಂಜಿನ್ನನ್ನು ಬಿಚ್ಚಿ ಕಟ್ಟಬಹುದು. ತುಕ್ಕು ತಿಂದ ತಳವನ್ನು ಕಟ್ಟುವುದು ಕಷ್ಟ.

ಕೈಯಲ್ಲಿರುವ ಹಣದ ಅರ್ಧಕ್ಕಿಂತ ಹೆಚ್ಚನ್ನು ಕಾರಿಗೆ ಕೊಡಬಾರದು. ಉಳಿದ ಅರ್ಧವನ್ನು ಈ ಕ್ರಮದಲ್ಲಿ ಖರ್ಚು ಮಾಡಬೇಕು. ಮೊದಲು ಬ್ರೇಕು, ಸ್ಟಿಯರಿಂಗಿನ ಕೀಲುಗಳು, ಅಲುಗದ ಸೀಟು, ಗಟ್ಟಿ ಬೆಲ್ಟು ಮತ್ತು ಹೆಲ್ಮೆಟ್ಟು. ಎರಡನೆಯದು ರೇಡಿಯೇಟರು. ಡ್ರಿಫ್ಟಿಂಗಿನಲ್ಲಿ ಎಂಜಿನ್ ಜೋರಾಗಿ ತಿರುಗುತ್ತದೆ, ಕಾರು ಮಾತ್ರ ನಿಧಾನವಾಗಿ ಚಲಿಸುವುದರಿಂದ ಗಾಳಿ ಸಾಲದು. ಇದರ ಮೇಲೆ 40 ಡಿಗ್ರಿಯನ್ನು ದಾಟುವ ಬಳ್ಳಾರಿಯ ಬಿಸಿಲು! ಮೂರನೆಯದು ಟೈರು: ಮುಂದೆ ಒಳ್ಳೆಯ ಹಿಡಿತದವು, ಹಿಂದೆ ಸವೆದರೂ ನೂಲು ಕಾಣದವು. ನಾಲ್ಕನೆಯದು ಹ್ಯಾಂಡ್‌ಬ್ರೇಕಿನ ಕೇಬಲ್ಲನ್ನು ಬಿಗಿಗೊಳಿಸುವುದು, ಸೋರುವ ಶಾಕ್ ಅಬ್ಸಾರ್ಬರುಗಳನ್ನು ಬದಲಿಸುವುದು. ಕಟ್ಟಕಡೆಗೆ ಡಿಫರೆನ್ಷಿಯಲ್. ಸಾಮಾನ್ಯ ಡಿಫರೆನ್ಷಿಯಲ್ ಇದ್ದರೆ ತಿರುವಿನಲ್ಲಿ ಹಗುರಾದ ಒಳಗಾಲಿ ಸುಮ್ಮನೆ ಸುತ್ತಿ ಬಲವೆಲ್ಲ ಅಲ್ಲಿಯೇ ಹಾಳಾಗುತ್ತದೆ. ಅದರ ಹಲ್ಲುಗಳಿಗೆ ವೆಲ್ಡಿಂಗ್ ಮಾಡಿ ಎರಡು ಗಾಲಿಗಳನ್ನೂ ಒಂದಾಗಿಸುವುದು ಅಗ್ಗದ ಉಪಾಯ. ಆದರೆ ಆ ಮೇಲೆ ಅದು ರಸ್ತೆಗೆ ತಕ್ಕ ಕಾರಲ್ಲ. ಆಕ್ಸಲ್ಲಿನ ಮೇಲೆ ಒತ್ತಡ ಬೀಳುತ್ತದೆ. ಮಣ್ಣಿನ ನೆಲದಲ್ಲಿ ಕಲಿಯುವವನಿಗೆ ಮೊದಲ ವರ್ಷ ಇದರ ಗೊಡವೆಯೇ ಬೇಡ.

ಎಲ್ಲಕ್ಕಿಂತ ಮುಖ್ಯವಾದ ಮಾತು, ಕಾರಿಗಿಂತ ಮೊದಲು ಜಾಗವನ್ನು ಆರಿಸಬೇಕು. ಅದಿರಿನ ಲಾರಿಗಳು ಓಡಾಡುವ ಹೊಸಪೇಟೆ ರಸ್ತೆಯಾಗಲಿ, ರಾತ್ರಿ ಖಾಲಿಯೆಂದು ತೋರುವ ಬೈಪಾಸಾಗಲಿ ಅದಕ್ಕೆ ಜಾಗವಲ್ಲ. ಅಲ್ಲಿ ನಡೆದುಹೋಗುವವನು ಈ ಆಟಕ್ಕೆ ಒಪ್ಪಿ ಬಂದವನಲ್ಲ. 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ ಸಾರ್ವಜನಿಕ ಸ್ಥಳದಲ್ಲಿ ಅನುಮತಿಯಿಲ್ಲದ ಪಂದ್ಯ ಮತ್ತು ವೇಗದ ಪರೀಕ್ಷೆ ಅಪರಾಧ; 2019ರ ತಿದ್ದುಪಡಿಯ ಬಳಿಕ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ತಯಾರಕರು ಕೊಟ್ಟ ಮೂಲ ರೂಪವನ್ನು ಮನಬಂದಂತೆ ಮಾರ್ಪಡಿಸುವುದನ್ನು 52ನೆಯ ಕಲಂ ತಡೆಯುತ್ತದೆ. ಆದುದರಿಂದ ಮಾರ್ಪಡಿಸಿದ ಕಾರನ್ನು ಲಾರಿಯ ಮೇಲೆ ಹೇರಿಕೊಂಡೇ ಹೋಗಬೇಕು.

ಇರುಂಗಾಟ್ಟುಕೋಟೈ, ಕೊಯಮತ್ತೂರುಗಳ ಪಂದ್ಯದ ಹಾದಿಗಳು ನಮಗೆ ದೂರ. ಆದರೆ ನಮ್ಮ ಸೀಮೆಯಲ್ಲಿ ಬೆಳೆ ಕಟಾವಾದ ಮೇಲೆ ಖಾಲಿ ಬೀಳುವ ಗಟ್ಟಿ ನೆಲಕ್ಕೆ ಬರವಿಲ್ಲ. ಬಾವಿ, ಕಲ್ಲು, ಕಂಬಗಳಿಲ್ಲದ ಒಂದು ಜಮೀನನ್ನು ಯಜಮಾನರ ಒಪ್ಪಿಗೆ ಪಡೆದು, ದನಕರುಗಳು ಬಾರದಂತೆ ಕಾವಲಿಟ್ಟು ಬಳಸಬಹುದು. ಸಡಿಲ ಮಣ್ಣಿನಲ್ಲಿ ಹಿಡಿತದ ರೂಪಾಯಿ ಎಂಟಾಣೆಗೆ ಇಳಿಯುವುದರಿಂದ ಕಡಿಮೆ ಬಲದ ಕಾರೂ ಕಡಿಮೆ ವೇಗದಲ್ಲಿಯೇ ಜಾರುತ್ತದೆ, ಟೈರೂ ಉಳಿಯುತ್ತದೆ. ನಡುವೆ ಒಂದು ಹಳೆಯ ಟೈರನ್ನಿಟ್ಟು ಅದರ ಸುತ್ತ ದೊಡ್ಡ ವೃತ್ತದಲ್ಲಿ ನಿಧಾನವಾಗಿ ಸುತ್ತಬೇಕು. ಎಡಕ್ಕೂ ಬಲಕ್ಕೂ ಅದು ಕೈಗೆ ಹತ್ತಿದ ಮೇಲೆ ಎರಡು ಟೈರುಗಳನ್ನಿಟ್ಟು ಎಂಟರ ಆಕಾರದಲ್ಲಿ ಓಡಿಸಬೇಕು. ಪಕ್ಕದಲ್ಲಿ ಅನುಭವಸ್ಥರೊಬ್ಬರು, ಕೈಗೆಟಕುವಲ್ಲಿ ಬೆಂಕಿ ಆರಿಸುವ ಸಿಲಿಂಡರು ಇರಲೇಬೇಕು.

ಹೀಗೆ ಕಲಿತವನಿಗೆ ಪಂದ್ಯದ ಬಹುಮಾನ ಸಿಕ್ಕೀತೋ ಇಲ್ಲವೋ. ಆದರೆ ಮಳೆಗಾಲದ ರಸ್ತೆಯಲ್ಲಿ ಅಕಸ್ಮಾತ್ ಗಾಲಿ ಜಾರಿದಾಗ, ಗಾಬರಿಯಿಂದ ಬ್ರೇಕನ್ನು ತುಳಿಯದೆ, ಜಾರಿದತ್ತಲೇ ಸ್ಟಿಯರಿಂಗ್ ತಿರುಗಿಸುವ ಕೈ ಅವನದಾಗುತ್ತದೆ. ಒಂದು ಬೆಳೆಯ ದುಡ್ಡಿಗೆ ಅಷ್ಟು ದಕ್ಕಿದರೆ ನಷ್ಟವೆಂದು ನಾನು ಹೇಳಲಾರೆ.