ಪದ್ಯದ ಭಾವ, ಗದ್ಯದ ಭಾವ

ಭಾವವನ್ನು ಹೇಳಲು ಪದ್ಯ ಮೇಲೋ ಗದ್ಯ ಮೇಲೋ ಎಂಬ ಚರ್ಚೆ ಕನ್ನಡಕ್ಕೆ ಹೊಸದಲ್ಲ. ಮುದ್ದಣ (1870–1901) ‘ಶ್ರೀರಾಮಾಶ್ವಮೇಧ’ದಲ್ಲಿ ಅದನ್ನು ಗಂಡಹೆಂಡಿರ ಸರಸದ ಮಾತಾಗಿಸಿದ, ಹೆಂಡತಿ ಮನೋರಮೆ ಪಟ್ಟು ಹಿಡಿದದ್ದು ಗದ್ಯಕ್ಕೆ. ಅದಕ್ಕೆ ಬಹಳ ಹಿಂದೆಯೇ ಚಂಪೂ ಕವಿಗಳು ಎರಡನ್ನೂ ಒಂದೇ ಕಾವ್ಯದಲ್ಲಿ ಬೆರೆಸಿದ್ದರು. 12ನೇ ಶತಮಾನದಲ್ಲಿ ಶಿಕಾರಿಪುರ ಸೀಮೆಯ ಉಡುತಡಿಯ ಅಕ್ಕಮಹಾದೇವಿ ಬಳಸಿದ ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ, ಲಯ ಮಾತ್ರ ಉಂಟು. ಅದು ಪದ್ಯವೋ ಗದ್ಯವೋ ಎಂದು ಗೆರೆ ಎಳೆಯುವುದು ಕಷ್ಟ.

ಎರಡನ್ನೂ ತೂಗಿ ನೋಡಲು ಶಿವಮೊಗ್ಗ ಜಿಲ್ಲೆಯವರೇ ಆದ ಕುವೆಂಪು ಒಳ್ಳೆಯ ನಿದರ್ಶನ. ಅವರ ಮಹಾಕಾವ್ಯ ‘ಶ್ರೀ ರಾಮಾಯಣ ದರ್ಶನಂ’ (1949) ಅರ್ಪಿತವಾದದ್ದು 1939ರಲ್ಲಿ ತೀರಿಕೊಂಡ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. ಆ ಅರ್ಪಣೆ ಪದ್ಯದಲ್ಲಿದೆ. ಇಲ್ಲದವರನ್ನು ಎದುರಿಗೇ ನಿಲ್ಲಿಸಿ ಮಾತಾಡಿಸುತ್ತದೆ. ಕಾರಣ ವಿವರಿಸುವ ಹಂಗು ಪದ್ಯಕ್ಕಿಲ್ಲ. ಒಂದು ಸಂಬೋಧನೆ, ಅದರ ಏರಿಳಿತ ಸಾಕು. ಗದ್ಯದಲ್ಲಿ ಅದೇ ಧಾಟಿ ತುಸು ನಾಟಕೀಯವಾಗಿ ಕೇಳಿಸಬಹುದು.

ಅವರದೇ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ (1967) ಹಿಡಿಯುವ ದಾರಿ ಬೇರೆ. ಅದರಲ್ಲಿ ಗುತ್ತಿ ಎಂಬವನ ನಾಯಿ ಹುಲಿಯ ನೂರಾರು ಪುಟ ಅವನ ಹಿಂದೆಮುಂದೆ ಓಡಾಡುತ್ತದೆ. ಕಾಡು, ಮಳೆ, ಜಿಗಣೆ, ಜಾತಿಯ ಕಟ್ಟಳೆಗಳ ನಡುವೆ ಓದುಗನಿಗೂ ಸಲಿಗೆಯಾಗುತ್ತದೆ. ಆಮೇಲೆ ತುಂಬಿದ ತುಂಗೆ ಆ ನಾಯಿಯನ್ನು ಸೆಳೆದೊಯ್ದಾಗ ಲೇಖಕ ದುಃಖವನ್ನು ಹೆಸರಿಸಬೇಕಾದ್ದೇ ಇಲ್ಲ. ಈ ಸಂಕಟಕ್ಕೆ ಕಾಲ ಬೇಕು, ದಿನನಿತ್ಯದ ವಿವರ ಬೇಕು. ಅಷ್ಟು ಪುರಸೊತ್ತು ಇರುವುದು ಗದ್ಯಕ್ಕೆ. ತಟ್ಟನೆ ಉಕ್ಕುವ ಭಾವಕ್ಕೆ ಮಾತ್ರ ಪದ್ಯದ ವೇಗವೇ ಹೆಚ್ಚು ಒಗ್ಗುತ್ತದೆ.