‘ವಿಕ್ರಮ’ ಶಬ್ದವೂ ವೀರನಿರ್ವಾಣ ಗಣನೆಯೂ
ಹತ್ತಿಮತ್ತೂರಿನ ಸುತ್ತಣ ಹಾನುಗಲ್ಲು ಸೀಮೆಯ ಶಾಸನಗಳಲ್ಲಿ ಬರುವ ವಿಕ್ರಮವರ್ಷವು ಆರನೆಯ ವಿಕ್ರಮಾದಿತ್ಯನು ಪ್ರವರ್ತಿಸಿದ ಚಾಳುಕ್ಯ ಶಕೆಯದು, ಶಕ 998ರ ನಳ ಸಂವತ್ಸರವೇ (ಕ್ರಿ.ಶ. 1076) ಅದರ ಮೊದಲ ವರ್ಷ. ಉತ್ತರದ ವಿಕ್ರಮ ಸಂವತ್ತಾದರೋ ಕ್ರಿ.ಪೂ. 57ರಿಂದ ಎಣಿಸತಕ್ಕದ್ದು. ಅರವತ್ತು ಸಂವತ್ಸರಗಳಲ್ಲಿಯೂ ಒಂದು ವಿಕ್ರಮವುಂಟು. ಆದುದರಿಂದ ಪುಷ್ಪಿಕೆಯಲ್ಲಿ ‘ವಿಕ್ರಮ’ ಎಂದು ಕಂಡೊಡನೆ 57 ಕಳೆಯುವುದು ಸಲ್ಲದು.

ಈ ನಾಮಸಾಮ್ಯದ ಬಾಧೆ ವೀರನಿರ್ವಾಣದ ಗಣನೆಗೂ ತಟ್ಟಿತು. ನಿರ್ವಾಣದಿಂದ 605 ವರ್ಷ 5 ತಿಂಗಳಿಗೆ ಶಕರಾಜನೆಂದು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರವು ಹೇಳುತ್ತದೆ. ಟೀಕಾಕಾರ ಮಾಧವಚಂದ್ರ ತ್ರೈವಿದ್ಯರು ಅವನಿಗೆ ವಿಕ್ರಮಾಂಕನೆಂಬ ವಿಶೇಷಣವನ್ನು ಸೇರಿಸಿದರು. ಅದನ್ನು ವಿಕ್ರಮ ಸಂವತ್ತೆಂದು ಗ್ರಹಿಸಿದವರ ಲೆಕ್ಕದಲ್ಲಿ ನಿರ್ವಾಣವು 135 ವರ್ಷ ಹಿಂದೆ ಸರಿಯಿತು. ಮೂಲದ ಐದು ತಿಂಗಳುಗಳೇ ಇದಕ್ಕೆ ಉತ್ತರ. ದೀಪಾವಳಿಯ ಅಮಾವಾಸ್ಯೆಯಿಂದ ಚೈತ್ರ ಶುದ್ಧ ಪಾಡ್ಯದವರೆಗೆ ಐದೇ ಮಾಸಗಳು. ಶಕವರ್ಷವು ಚೈತ್ರಾದಿ, ಕಾರ್ತಿಕಾದಿಯಾದ ಪ್ರಾಚೀನ ವಿಕ್ರಮ ಸಂವತ್ತಿಗೆ ಆ ಐದು ತಿಂಗಳು ಹೊಂದವು.